ಆಲ್ಟೊ ಹೊತ್ತು ಮೆಲ್ಬರ್ನಿಗೆ

ಫೆಬ್ರವರಿಯ ಕೊನೆಯ ಶುಕ್ರವಾರ, ಬೆಳಿಗ್ಗೆ ಆರಕ್ಕೇ ಸೆಕೆ ಶುರುವಾಗಿತ್ತು. ಎರಡು ಬ್ಯಾಗು, ಒಂದು ಪುಳಿಯೋಗರೆ ಡಬ್ಬಿ, ಒಂದು ಮೊಸರನ್ನದ ಡಬ್ಬಿ ಹಿಡಿದುಕೊಂಡು ಏದುಸಿರು ಬಿಡುತ್ತಾ ನಾನು ವೆಸ್ಟ್‌ಮೀಡ್ ಸ್ಟೇಷನ್ನಿಗೆ ಬಂದರೆ ಗ್ವೆನ್ ಆಂಟಿ ಆಗಲೇ ಪ್ಲಾಟ್‌ಫಾರ್ಮಿನಲ್ಲಿ ನಿಂತಿದ್ದರು. ವಯಸ್ಸು ಎಂಬತ್ತೇಳು. ಕೈಯಲ್ಲಿ ಪುಟ್ಟ ಸೂಟ್‌ಕೇಸು, ಕೊರಳಿಗೆ ಆ ಸೆಕೆಯಲ್ಲೂ ಕೆಂಪು ಉಣ್ಣೆಯ ಮಫ್ಲರು. "ಗಂಟಲು ಜೋಪಾನ ಮಾಡ್ಕೋಬೇಕು. ಮೆಲ್ಬರ್ನ್ ತಲುಪೋವರೆಗೆ ಜಾಸ್ತಿ ಮಾತಾಡೋಲ್ಲ ಅಂತ ತೀರ್ಮಾನ ಮಾಡಿದ್ದೀನಿ" ಎಂದರು. ಆ ತೀರ್ಮಾನ ಪಕ್ಕದ ಪ್ಯಾರಮ್ಯಾಟ ಸ್ಟೇಷನ್ ಬರುವಷ್ಟರಲ್ಲಿ ಮುರಿದುಬಿತ್ತು.

ಅವರು ಆಡುವುದೆಲ್ಲ ಇಂಗ್ಲಿಷಿನಲ್ಲೇ. ಆದರೆ ಆ ಮಾತಿನ ಏರಿಳಿತ ತುಮಕೂರಿನ ನನ್ನ ಸೋದರತ್ತೆಯದರಂತೆಯೇ ಇರುವುದರಿಂದ ನನ್ನ ಕಿವಿಗೆ ಅದು ಕನ್ನಡವಾಗಿಯೇ ಬೀಳುತ್ತದೆ. ಇಲ್ಲಿ ಹಾಗೆಯೇ ಬರೆಯುತ್ತೇನೆ.

ನಾವಿರುವುದು ಸ್ಟೇಷನ್ನಿನ ಹತ್ತಿರದ ಕೆಂಪು ಇಟ್ಟಿಗೆಯ ಹಳೆಯ ಫ್ಲ್ಯಾಟುಗಳಲ್ಲಿ. ಮೇಲಿನ ಮನೆಯಲ್ಲಿ ನಾನು ಮತ್ತು ನನ್ನ ಗಂಡ ಪ್ರಸನ್ನ. ಕೆಳಗಿನ ಮನೆಯಲ್ಲಿ ಗ್ವೆನ್ ಆಂಟಿ. ಅವರು ವೇಲ್ಸ್‌ನವರು. ಇಪ್ಪತ್ತೆರಡರ ಹರೆಯದಲ್ಲಿ ಹಡಗು ಹತ್ತಿ ಬಂದು, ಸಿಡ್ನಿಯಲ್ಲೇ ನರ್ಸಾಗಿದ್ದು ನಿವೃತ್ತರಾದವರು. ಹಿತ್ತಲಿನಲ್ಲಿ ಬಟ್ಟೆ ಒಣಹಾಕುವ ಹಗ್ಗ ಎಲ್ಲ ಮನೆಗಳಿಗೂ ಒಂದೇ. ಅಲ್ಲಿ ಕ್ಲಿಪ್ಪು ಸಿಕ್ಕಿಸುವಾಗಲೆಲ್ಲ ಅವರು ಒಂದೇ ಹಾಡು ಗುನುಗುತ್ತಿದ್ದರು. ಅದು ಅವರ ಅಪ್ಪ ಕಟ್ಟಿದ ಪ್ರಾರ್ಥನೆಯ ಧಾಟಿ. ಅಪ್ಪ ಸ್ಲೇಟು ಕಲ್ಲಿನ ಗಣಿಯ ಕೆಲಸಗಾರರು, ಭಾನುವಾರ ಊರಿನ ಚಾಪೆಲ್ಲಿನಲ್ಲಿ, ಎಂದರೆ ಪುಟ್ಟ ಚರ್ಚಿನಲ್ಲಿ, ಹಾಡು ಎತ್ತಿಕೊಡುವವರು. ಧಾಟಿಗೆ ತಮ್ಮ ಮನೆಯ ಹೆಸರನ್ನೇ ಇಟ್ಟಿದ್ದರು: ಟೀ ಕರೆಗ್, ಎಂದರೆ ಕಲ್ಲುಮನೆ. ಅದು ಎಲ್ಲೂ ಅಚ್ಚಾಗಲಿಲ್ಲ. ಆ ಚಾಪೆಲ್ಲನ್ನೂ ಮಾರಿ ಎಷ್ಟೋ ವರ್ಷವಾಯಿತು. ಈಗ ಆ ಹಾಡು ಗೊತ್ತಿರುವುದು ಇಬ್ಬರಿಗೆ: ಸಿಡ್ನಿಯ ಗ್ವೆನ್ ಆಂಟಿಗೆ ಮತ್ತು ಮೆಲ್ಬರ್ನಿನಲ್ಲಿರುವ ಅವರ ಅಕ್ಕ ಮೈರ್‌ಗೆ.

ಬಟ್ಟೆ ಒಣಹಾಕುತ್ತಲೇ ನಾನೂ ಅದನ್ನು ಕಲಿತೆ. ಹುಡುಗಿಯಾಗಿದ್ದಾಗ ಸಂಗೀತದಲ್ಲಿ ಜೂನಿಯರ್ ಪರೀಕ್ಷೆ ಪಾಸು ಮಾಡಿದವಳು ನಾನು. ಆ ಜಂಬ ಇನ್ನೂ ಸ್ವಲ್ಪ ಉಳಿದಿದೆ. ವೇಲ್ಸ್‌ನವರು ಚಿಕ್ಕಂದಿನಿಂದ ಡೊ ರೆ ಮಿ ಹೇಳಿಕೊಂಡೇ ಹಾಡು ಕಲಿಯುತ್ತಾರೆ. ಒಂದೊಂದು ಸ್ವರಕ್ಕೆ ಒಂದೊಂದು ಕೈ ಸನ್ನೆ. ಮುಷ್ಟಿ ಹಿಡಿದರೆ ಡೊ, ಅಂಗೈಯನ್ನು ಅಡ್ಡಲಾಗಿ ಹಿಡಿದರೆ ಮಿ. ನಮ್ಮ ಷಡ್ಜದಂತೆ ಅವರ ಡೊ ಕೂಡ ಯಾವ ಶ್ರುತಿಯಲ್ಲಿ ಬೇಕಾದರೂ ಕೂರುತ್ತದೆ. ಹಾಗಾಗಿ ಅವರು ಕೈ ಆಡಿಸಿದಂತೆ ನಾನು "ಗ ಗ ರಿ ಗ, ಮ ಗ ರಿ ರಿ" ಎಂದು ಹಿಡಿದೆ. ಸಾಹಿತ್ಯವನ್ನು ಕನ್ನಡ ಲಿಪಿಯಲ್ಲಿ ಬರೆದುಕೊಂಡು ಬಾಯಿಪಾಠ ಮಾಡಿದೆ. ನಿಜ ಹೇಳಬೇಕೆಂದರೆ ಹಾಡು ನನಗೆ ಅಷ್ಟಕ್ಕಷ್ಟೇ. ಮೂರು ಮತ್ತೊಂದು ಸ್ವರದೊಳಗೇ ಓಡಾಡಿ ಸುಸ್ತಾಗಿ ಕೂರುವ ಧಾಟಿ. ಆದರೂ ಅವರ ಅಪ್ಪನ ಹಾಡಲ್ಲವೇ, ಪ್ರತಿ ಸಲವೂ "ತುಂಬಾ ಚೆನ್ನಾಗಿದೆ" ಎನ್ನುತ್ತಿದ್ದೆ.

ಈ ಪ್ರಯಾಣಕ್ಕೆ ಕಾರಣವೂ ಆ ಹಾಡೇ. ವೇಲ್ಸ್‌ನವರ ಸಂತನ ಹಬ್ಬದ ಭಾನುವಾರ ಮೆಲ್ಬರ್ನಿನಲ್ಲಿ ಗಮಾನ್ವ ಗಾನಿ, ಎಂದರೆ ಎಲ್ಲರೂ ಸೇರಿ ಪ್ರಾರ್ಥನಾಗೀತೆ ಹಾಡುವ ಕೂಟ, ನಡೆಯುವುದಿತ್ತು. ತೊಂಬತ್ತೊಂದರ ಮೈರ್ ಅದು ಮುಗಿದ ಮೂರು ದಿನಕ್ಕೆ ಮನೆ ಖಾಲಿ ಮಾಡಿ ದೇಶದ ಇನ್ನೊಂದು ತುದಿಯ ಪರ್ತ್‌ಗೆ, ಮಗಳ ಮನೆಗೆ ಹೋಗುವವರು. ಅಕ್ಕತಂಗಿ ಒಟ್ಟಿಗೆ ನಿಂತು ಅಪ್ಪನ ಹಾಡನ್ನು ಜನರಿಗೆ ದಾಟಿಸುವುದಕ್ಕೆ ಉಳಿದಿದ್ದು ಇದೊಂದೇ ಭಾನುವಾರ. ಐಟಿಯವನಾದ ಪ್ರಸನ್ನನಿಗೆ ಇದು ಅರ್ಥವಾಗಲಿಲ್ಲ. "ಫೋನಲ್ಲಿ ರೆಕಾರ್ಡ್ ಮಾಡಿ ಕಳ್ಸಿದ್ರೆ ಆಯ್ತಪ್ಪ, ಅದಕ್ಕೆ ಹನ್ನೊಂದು ಗಂಟೆ ಟ್ರೇನ್ ಯಾಕೆ?" ಎಂದ. ನಾನದನ್ನು ಗ್ವೆನ್ ಆಂಟಿಗೆ ಹೇಳಿದಾಗ ಅವರು, "ನಾನೊಬ್ಬಳೇ ಹಾಡಿದರೆ ಅದು ಹಾಡಲ್ಲ ಸುಧಾ" ಎಂದರು. ವಿನಯದ ಮಾತು ಎಂದುಕೊಂಡೆ. ವಿಮಾನದಲ್ಲಿ ಹೋಗೋಣ ಎಂದರೆ ಅದಕ್ಕೂ ಒಪ್ಪಲಿಲ್ಲ. "ವಿಮಾನ ಹತ್ತಿದರೆ ಎರಡು ದಿನ ಕಿವಿ ಕಟ್ಟಿಕೊಳ್ಳುತ್ತೆ. ಹಾಡೋಕೆ ಹೋಗೋಳು ಕಿವಿ ಕಳಕೊಂಡು ಹೋಗ್ಲಾ?"

ಸೆಂಟ್ರಲ್ ಸ್ಟೇಷನ್ನಿನಿಂದ ಮೆಲ್ಬರ್ನಿಗೆ ರೈಲುದಾರಿ ಒಂಬೈನೂರೈವತ್ತು ಕಿಲೋಮೀಟರಿನಷ್ಟು. ಬೆಳಿಗ್ಗೆ ಎಂಟಕ್ಕೆ ಮೊದಲೇ ಹೊರಟ ರೈಲು ಸಂಜೆ ಆರೂವರೆ ಸುಮಾರಿಗೆ ಮುಟ್ಟಿಸುತ್ತದೆ. ಸಿಡ್ನಿಯ ಸಬರ್ಬುಗಳು ಮುಗಿಯುವುದಕ್ಕೇ ಒಂದು ಗಂಟೆ ಬೇಕು. ಆಮೇಲೆ ಗೋಲ್ಬರ್ನ್ ಕಡೆಗೆ ಹೊಲಗಳು ತೆರೆದುಕೊಂಡವು; ಬೇಸಿಗೆಯ ಕೊನೆಯಾದ್ದರಿಂದ ಹುಲ್ಲೆಲ್ಲ ಒಣಗಿ ಹಳದಿಯಾಗಿತ್ತು, ಇದ್ದಬದ್ದ ಮರಗಳ ನೆರಳಿನಲ್ಲಿ ಕುರಿಗಳು ಒತ್ತಿಕೊಂಡು ನಿಂತಿದ್ದವು. ಬಫೆ ಬೋಗಿಯಲ್ಲಿ ಮಾಂಸದ ಪೈ, ಸ್ಕೋನು, ನೀರು ಚಹಾ. ನಾವು ಚಹಾ ಮಾತ್ರ ತಂದುಕೊಂಡು ಡಬ್ಬಿ ಬಿಚ್ಚಿದೆವು. ಗ್ವೆನ್ ಆಂಟಿ ಪುಳಿಯೋಗರೆಯನ್ನು ಫೋರ್ಕಿನಲ್ಲಿ ತಿಂದರು, ಕಡಲೆಬೀಜವನ್ನು ಮಾತ್ರ ಒಂದೊಂದಾಗಿ ಕೈಯಲ್ಲೇ ಆರಿಸಿ ತಿಂದರು. ಅದರ ಮೇಲೆ ಚಟ್ನಿಪುಡಿಯನ್ನೂ ಕೇಳಿ ಹಾಕಿಸಿಕೊಂಡರು.

ಮತ್ತು ಮಾತಾಡಿದರು. ಅಬ್ಬಾ, ಏನು ಮಾತು! ಯುದ್ಧ ಮುಗಿದಾಗ ಅವರಿಗೆ ಎಂಟು ವರ್ಷ. ಸಿಹಿತಿಂಡಿಗೆ ಆಮೇಲೂ ಎಷ್ಟೋ ಕಾಲ ರೇಷನ್ನು. ಯುದ್ಧ ಮುಗಿದ ಮೂರು ವರ್ಷಕ್ಕೆ ಸರ್ಕಾರದ ಹೊಸ ಆರೋಗ್ಯ ಸೇವೆ ಬಂತು, ಅಜ್ಜಿಗೆ ಪುಕ್ಕಟೆ ಕನ್ನಡಕ ಸಿಕ್ಕಿತು. "ಕನ್ನಡಕ ಹಾಕ್ಕೊಂಡು ಅಜ್ಜಿ ಮೊದಲು ನೋಡಿದ್ದು ನನ್ನ ಮುಖ. 'ಅಯ್ಯೋ ಮಗೂ, ಮೂಗಿನ ಮೇಲೆ ಇಷ್ಟೊಂದು ಚುಕ್ಕೆ ಯಾವಾಗ ಬಂತೇ' ಅಂದರು. ಅವು ಹುಟ್ಟಿದಾಗಿನಿಂದ ಇದ್ದವು!" ನರ್ಸಾಗಬೇಕೆಂದು ಅವರು ತೀರ್ಮಾನಿಸಿದ್ದು ಆ ದಿನವೇ ಅಂತೆ.

ಗಣಿಯೊಳಗೆ ಊಟಕ್ಕೆ ಕೂರಲು ಒಂದು ಕಲ್ಲಿನ ಗುಡಿಸಲು ಇರುತ್ತಿತ್ತಂತೆ. ಅಲ್ಲಿ ಕೆಲಸಗಾರರು ಬ್ರೆಡ್ಡು ಮೆಲ್ಲುತ್ತಲೇ ಅಧ್ಯಕ್ಷರನ್ನು ಆರಿಸಿಕೊಂಡು ಚರ್ಚೆ ಮಾಡುವುದು, ಆಶುಕವಿತೆ ಕಟ್ಟುವುದು, ಹಾಡುವುದು. ಊರಿಗೊಂದು ಐಸ್ತೆಡ್ವೊಡ್, ಎಂದರೆ ಹಾಡು, ಕವಿತೆ, ಕಂಠಪಾಠಗಳ ಸ್ಪರ್ಧೆ. ಗೆದ್ದ ಕವಿಗೆ ನಿಜವಾದ ಮರದ ಕುರ್ಚಿಯನ್ನೇ ಬಹುಮಾನ ಕೊಡುತ್ತಾರೆ ಎಂದು ಕೇಳಿ ನಾನು, "ನಮ್ಮಲ್ಲಿ ಶಾಲು ಹೊದಿಸಿ ಹಣ್ಣಿನ ಬುಟ್ಟಿ ಕೊಡ್ತೀವಿ" ಎಂದೆ. ಗ್ವೆನ್ ಆಂಟಿ ಸ್ವಲ್ಪ ಯೋಚಿಸಿ, "ಕುರ್ಚಿಯೇ ಮೇಲು. ಕವಿತೆ ಮರೆತುಹೋದ ಮೇಲೂ ಕೂತ್ಕೋಬಹುದು" ಎಂದರು.

ಹದಿಹರೆಯದಲ್ಲಿ ಅಕ್ಕತಂಗಿ ಇಬ್ಬರೂ ವೇಲ್ಸ್‌ಗೆ ತನ್ನದೇ ಸಂಸತ್ತು ಬೇಕೆಂದು ಮನೆಮನೆಗೆ ಹೋಗಿ ಸಹಿ ಸಂಗ್ರಹಿಸಿದ್ದರು. ಒಬ್ಬ ಮುದುಕ ಸಹಿ ಹಾಕಲು ಒಪ್ಪದಿದ್ದರೂ ಇಬ್ಬರಿಗೂ ಚಹಾ ಕೊಟ್ಟು, ಕೊನೆಗೆ ಒಂದು ಹಾಡು ಹಾಡಿಸಿ ಕಳಿಸಿದನಂತೆ. ಮುಂದೆ ದೂರದ ಇಂಗ್ಲಿಷ್ ನಗರಕ್ಕೆ ನೀರು ಬೇಕೆಂದು ಒಂದು ಇಡೀ ಕಣಿವೆಯನ್ನು ಮುಳುಗಿಸಿದರು. ಮನೆಗಳ ಜೊತೆಗೆ ಶಾಲೆ, ಚಾಪೆಲ್ಲು ಎಲ್ಲವೂ ಹೋಯಿತು. ಅದನ್ನು ಹೇಳುವಾಗ ಮಾತ್ರ ಅವರು ಕಿಟಕಿಯ ಕಡೆ ತಿರುಗಿದರು. ಇವರು ಸಿಡ್ನಿಗೆ ಬಂದ ಮೇಲೆ ವೇಲ್ಸ್‌ನಲ್ಲಿ ಹುಡುಗರು ಇಂಗ್ಲಿಷ್ ಮಾತ್ರ ಇದ್ದ ರಸ್ತೆ ಫಲಕಗಳಿಗೆ ಬಣ್ಣ ಬಳಿಯತೊಡಗಿದರು. ಚಿಕ್ಕಪ್ಪನ ಮೊಮ್ಮಗನೊಬ್ಬ ಹಾಗೆ ಸಿಕ್ಕಿಬಿದ್ದು ಒಂದು ದಿನ ಪೊಲೀಸ್ ಠಾಣೆಯಲ್ಲಿದ್ದ. "ಫಲಕಕ್ಕಾಗಿ ಅಷ್ಟೊಂದು ಗಲಾಟೆ ಯಾಕೆ ಅಂತ ನಿನಗೆ ಅನ್ನಿಸಬಹುದು" ಎಂದರು. ನನಗೆ ಅನ್ನಿಸಲಿಲ್ಲ. ನಾನು ಕರ್ನಾಟಕದವಳು ಎಂದು ನೆನಪಿಸಿದೆ.

ವಾಗಾ ವಾಗಾ ದಾಟುವ ಹೊತ್ತಿಗೆ ದನಿ ಒರಟಾಗಿತ್ತು. ಆಲ್ಬರಿಯಲ್ಲಿ ರಾಜ್ಯದ ಗಡಿ ದಾಟಿದಾಗ ಕೀಚಲಾಗಿತ್ತು. ನಾನು ಬಿಸಿನೀರು ತಂದುಕೊಟ್ಟೆ. ಕುಡಿದು ಮತ್ತೆ ಮಾತು ಮುಂದುವರಿಸಿದರು. ಮೆಲ್ಬರ್ನಿನ ಸದರ್ನ್ ಕ್ರಾಸ್ ಸ್ಟೇಷನ್ನಿಗೆ ನನ್ನ ಶಾಲೆಯ ಗೆಳತಿ ಲತಾ ಕಾರು ತಂದಿದ್ದಳು. ಅವಳ ಮನೆ ಟಾರ್ನೀಟ್‌ನಲ್ಲಿ. ಮೈರ್ ಇರುವುದು ಪಕ್ಕದ ವೆರಿಬಿಯಲ್ಲಿ. ಗ್ವೆನ್ ಆಂಟಿಯನ್ನು ಅಕ್ಕನ ಮನೆ ಬಾಗಿಲಿಗೆ ಬಿಟ್ಟು ಕಾರು ತಿರುಗಿಸಿದ ಕೂಡಲೇ, ದಾರಿಯಲ್ಲಿ ರೈಲಿನ ಊಟದ ಕತೆ ಕೇಳಿದ್ದ ಲತಾ ಶುರು ಮಾಡಿದಳು. "ಅಲ್ವೇ, ಎಂಬತ್ತೇಳು ವರ್ಷದವರಿಗೆ ಚಟ್ನಿಪುಡಿ ಕೊಟ್ಟಿದೀಯಲ್ಲ, ಬುದ್ಧಿ ಇದೆಯಾ ನಿಂಗೆ?"

"ಚಟ್ನಿಪುಡಿ ಅಲ್ಲ ಕಣೇ, ಮಾತು. ಹನ್ನೊಂದು ಗಂಟೆ ನಾನ್‌ಸ್ಟಾಪ್."

ಶನಿವಾರ ಮೂವತ್ನಾಲ್ಕು ಡಿಗ್ರಿ ಬಿಸಿಲು. ಮಧ್ಯಾಹ್ನ ಮೈರ್ ಮನೆಗೆ ಹೋದೆವು. ಹಜಾರದ ತುಂಬಾ ಪರ್ತ್‌ಗೆ ಹೋಗುವ ರಟ್ಟಿನ ಪೆಟ್ಟಿಗೆಗಳು. ಅವುಗಳ ನಡುವೆ ತಂಗಿಗಿಂತ ಒಂದು ಗೇಣು ಎತ್ತರದ ಮೈರ್ ನಮಗಾಗಿ ಕಾವಲಿಯ ಮೇಲೆ ಒಣದ್ರಾಕ್ಷಿಯ ಸಿಹಿ ಬಿಲ್ಲೆಗಳನ್ನು ಬೇಯಿಸುತ್ತಿದ್ದರು. ಗ್ವೆನ್ ಆಂಟಿ ಕುರ್ಚಿಯಲ್ಲಿ ಮಫ್ಲರ್ ಸುತ್ತಿಕೊಂಡು ಕೂತಿದ್ದರು. ಬಾಯಿ ತೆರೆದರೆ ಗಾಳಿ ಬಿಟ್ಟರೆ ಬೇರೇನೂ ಬರಲಿಲ್ಲ. ಕಣ್ಣು ಮಾತ್ರ ತುಂಬಿಕೊಂಡಿತ್ತು. ಇಷ್ಟು ದೂರ ಬಂದು, ಇರುವ ಒಂದೇ ಭಾನುವಾರಕ್ಕೆ ಹೀಗಾಗಬೇಕೇ?

"ನನ್ನ ತಂಗಿ ಹುಟ್ಟಿದಾಗಿನಿಂದ ಹೀಗೇ. ಹಾಡಿಗೆ ಅಂತ ಇಟ್ಟ ದನಿಯನ್ನ ಹರಟೆಗೆ ಖರ್ಚು ಮಾಡ್ತಾಳೆ" ಎಂದು ಮೈರ್ ಬಿಲ್ಲೆ ಮಗುಚಿ ಹಾಕಿದರು. ಆಮೇಲೆ ನನ್ನ ಕಡೆ ತಿರುಗಿ, "ನಿನಗೆ ಬರುತ್ತಂತಲ್ಲ, ಹಾಡು ನೋಡೋಣ" ಎಂದರು.

ನಾನು ಕೂತು, ಶ್ರುತಿ ಹಿಡಿದು ಹಾಡಿದೆ. ಮೊದಲ ಸಾಲಿನ ನಡುವೆಯೇ ಮೈರ್ ಜೊತೆ ಸೇರಿಸಿದರು. ಆದರೆ ಸಾಹಿತ್ಯ ಅದೇ, ಧಾಟಿ ಪೂರ್ತಿ ಬೇರೆ! ನಾನು ಗಾಂಧಾರದಲ್ಲಿ ನಿಂತಿದ್ದರೆ ಅವರು ಮೇಲಕ್ಕೆ ಹಾರಿ ಪಂಚಮ ದಾಟಿ ಎಲ್ಲೋ ಹೋಗಿದ್ದರು. ಪಾಪ, ತೊಂಬತ್ತೊಂದು ವರ್ಷ, ಮರೆತಿದ್ದಾರೆ ಎಂದುಕೊಂಡೆ. ಹಿರಿಯರು ತಪ್ಪಿದರೆ ತೋರಿಸಿಕೊಡಬಾರದು, ಹಿಂದೆ ಹಾಡುವವರು ಅವರನ್ನೇ ಅನುಸರಿಸಬೇಕು ಎಂದು ನಮ್ಮ ಸಂಗೀತದ ಮೇಷ್ಟ್ರು ಕಲಿಸಿದ್ದರು. ಜಾಣತನದಿಂದ ನನ್ನ ಧಾಟಿ ಬಿಟ್ಟು ಅವರದನ್ನು ಹಿಡಿದೆ. ಗ್ವೆನ್ ಆಂಟಿ ತಲೆಯ ಮೇಲೆ ಕೈ ಹೊತ್ತುಕೊಂಡರು.

"ನಿನ್ನದನ್ನ ಬಿಟ್ಟಿದ್ದು ಯಾಕೆ?" ಎಂದರು ಮೈರ್.

"ನೀವು ಬೇರೆ ಹಾಡು ಹಾಡ್ತಿದ್ದೀರಿ..."

ಅಕ್ಕತಂಗಿ ಮುಖ ಮುಖ ನೋಡಿಕೊಂಡರು. ದನಿಯಿಲ್ಲದ ಗ್ವೆನ್ ಆಂಟಿ ಹೊಟ್ಟೆ ಹಿಡಿದುಕೊಂಡು ನಕ್ಕರು; ಆ ನಗು ಸೀಟಿ ಊದಿದಂತೆ ಕೇಳಿಸಿತು. ಆಗ ಮೈರ್ ವಿವರಿಸಿದರು. ಅವರ ಊರಿನಲ್ಲಿ ಹಾಡೆಂದರೆ ನಾಲ್ಕು ಸಾಲು ಒಟ್ಟಿಗೆ. ಹೆಂಗಸರಲ್ಲಿ ಮೇಲಿನ ದನಿ ಸೊಪ್ರಾನೊ, ಕೆಳಗಿನದು ಆಲ್ಟೊ. ಗಂಡಸರಲ್ಲಿ ಟೆನರು ಮತ್ತು ಬಾಸು. ಮಕ್ಕಳು ದೊಡ್ಡವರಾಗುತ್ತಿದ್ದಂತೆ ಯಾರ ದನಿ ಯಾವ ಸಾಲಿಗೆ ಎಂದು ನಿರ್ಧಾರವಾಗುತ್ತದೆ, ಆಮೇಲೆ ಸಾಯುವವರೆಗೆ ಅವರದು ಅದೇ ಸಾಲು. ಮೈರ್ ಸೊಪ್ರಾನೊ, ಗ್ವೆನ್ ಆಲ್ಟೊ. ಎಷ್ಟೋ ತಿಂಗಳಿಂದ ಕ್ಲಿಪ್ಪು ಸಿಕ್ಕಿಸುತ್ತಾ ನಾನು ಹಾಡು ಎಂದು ಕಲಿತಿದ್ದು ಹಾಡಿನ ಒಂದು ಪಕ್ಕೆಯನ್ನು ಮಾತ್ರ.

"ಟೆನರು, ಬಾಸು ಹಾಡುತ್ತಿದ್ದವರು ಯಾರೂ ಉಳಿದಿಲ್ಲವಲ್ಲ?" ಎಂದು ಕೇಳಿದೆ.

"ಅದಕ್ಕೆ ಚಿಂತೆ ಬೇಡ. ಮೇಲಿನ ಎರಡು ಸಾಲು ಗಟ್ಟಿಯಾಗಿದ್ದರೆ ಗಂಡಸರು ತಮ್ಮ ದಾರಿ ತಾವೇ ಹುಡುಕ್ಕೋತಾರೆ. ಆದರೆ ಆಲ್ಟೊ ಅಪ್ಪನ ಮುದ್ದಿನ ಸಾಲು. ಗ್ವೆನ್‌ಗೆ ಅಂತಲೇ ಕಟ್ಟಿದ್ದು. ಅದು ನನಗೂ ಬರೋಲ್ಲ." ಮೈರ್ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ನಾಳೆ ಮೊದಲ ಚರಣ ನಾವಿಬ್ಬರೇ ಹಾಡಬೇಕು. ನೀನು ನನ್ನ ಹಿಂದೆ ಬಂದರೆ ಕೆಟ್ಟಿತು. ನಿನ್ನ ದಾರಿಯಲ್ಲೇ ಇರಬೇಕು."

ಹೇಳುವುದು ಸುಲಭ. ಕಿವಿಗೆ ಬಿದ್ದ ಹಾಡಿನ ಹಿಂದೆ ಹೋಗುವುದನ್ನೇ ವಿದ್ಯೆ ಎಂದು ಕಲಿತವಳು ನಾನು. ಮೈರ್ ದನಿ ತೆಗೆದರೆ ನನ್ನದು ತಾನಾಗಿ ಅವರ ಹೆಗಲೇರುತ್ತಿತ್ತು. ಸಂಜೆಯವರೆಗೂ ಅಭ್ಯಾಸ ಮಾಡಿದೆವು. ಗ್ವೆನ್ ಆಂಟಿ ಎದುರಿಗೆ ಕೂತು ಕೈ ಸನ್ನೆಯಲ್ಲಿ ಒಂದೊಂದೇ ಸ್ವರ ತೋರಿಸುವುದು, ನಾನು ಮನಸ್ಸಿನಲ್ಲಿ ಗ, ರಿ, ಮ ಎಂದುಕೊಂಡು ಅದಕ್ಕೆ ಅಂಟಿಕೊಳ್ಳುವುದು. ಜಾರಿದಾಗಲೆಲ್ಲ ಮೊಣಕಾಲಿಗೆ ಒಂದು ಏಟು. ಸಾಯಂಕಾಲ ಮನೆಗೆ ಹೋಗುವಾಗ ಲತಾ, "ಜೂನಿಯರ್ ಪಾಸಾದವಳು ಅಂತ ಊರೆಲ್ಲ ಹೇಳ್ಕೊಂಡು ತಿರುಗ್ತಿದ್ಯಲ್ಲ" ಎಂದು ಕಾಲೆಳೆದಳು. ಬೇರೆ ದಿನವಾಗಿದ್ದರೆ ಜಗಳವಾಡುತ್ತಿದ್ದೆ. ಆ ದಿನ ನನಗೆ ನಿಜಕ್ಕೂ ಭಯವಾಗಿತ್ತು.

ಭಾನುವಾರ ಮೆಲ್ಬರ್ನ್ ತನ್ನ ಬುದ್ಧಿ ತೋರಿಸಿತು. ಹಿಂದಿನ ದಿನದ ಬಿಸಿಲು ಮಾಯವಾಗಿ ಹತ್ತೊಂಬತ್ತು ಡಿಗ್ರಿ, ಚಳಿಗಾಳಿ. ಕೂಟ ಇದ್ದದ್ದು ಒಂದು ಹಳೆಯ ಚರ್ಚಿನ ಪಕ್ಕದ ಸಭಾಂಗಣದಲ್ಲಿ. ಎಲ್ಲರ ಎದೆಯ ಮೇಲೂ ಬಟ್ಟೆಯಲ್ಲಿ ಮಾಡಿದ ಹಳದಿ ಡ್ಯಾಫಡಿಲ್ ಹೂವು. ಒಬ್ಬರು ಮಾತ್ರ ಲೀಕ್ ಎಂಬ ಸೊಪ್ಪನ್ನು ಬೇರು ಸಮೇತ ಸಿಕ್ಕಿಸಿಕೊಂಡಿದ್ದರು. ಅದೂ ಅವರ ರಾಷ್ಟ್ರಚಿಹ್ನೆಯೇ. "ಕೋಟಿಗೆ ಈರುಳ್ಳಿ ಗಿಡ ಸಿಕ್ಕಿಸ್ಕೊಂಡಿದಾರಲ್ಲೇ!" ಎಂದು ಲತಾ ನನ್ನ ಕಿವಿಯಲ್ಲಿ ಹೇಳಿದಳು. ಬಾಗಿಲಲ್ಲಿ ನಿಂತ ಹೆಂಗಸು ಅವಳನ್ನು ತಡೆದು, "ಯಾವ ದನಿ?" ಎಂದು ಕೇಳಿದರು. ಲತಾ ತಾನು ಬರೀ ಕೇಳುವುದಕ್ಕೆ ಬಂದವಳು ಎಂದಳು. "ಇಲ್ಲಿ ಕೇಳುವವರಿಗೆ ಕುರ್ಚಿ ಇಲ್ಲ" ಎಂದು ಆಕೆ ನಕ್ಕು, ಲತಾಳ ಕೈಗೆ ಪುಸ್ತಕ ಕೊಟ್ಟು ಸೊಪ್ರಾನೊ ಸಾಲಿನಲ್ಲಿ ಕೂರಿಸಿಬಿಟ್ಟರು. ಸಭೆಯೇ ಗಾಯಕರು, ಗಾಯಕರೇ ಸಭೆ.

ನಾನು ಆಲ್ಟೊಗಳ ಮುಂದಿನ ಸಾಲಿನಲ್ಲಿ, ಪಕ್ಕದಲ್ಲಿ ಗ್ವೆನ್ ಆಂಟಿ. ಹಾಡು ನಡೆಸುವವರು ಬಿಳಿಗಡ್ಡದ ನಿವೃತ್ತ ಮೇಷ್ಟ್ರು. ಮೊದಲ ಗೀತೆ ಎತ್ತಿದಾಗ ನನ್ನ ಬೆನ್ನಿನ ಹಿಂದಿನಿಂದ ಬಂದ ಸದ್ದಿಗೆ ಬೆಂಚು ನಡುಗಿತು. ನೂರು ಜನರೂ ಇಲ್ಲ, ಹೆಚ್ಚಿನವರಿಗೆ ಎಪ್ಪತ್ತು ದಾಟಿದೆ. ಆದರೂ ಆ ದನಿ! ಚರಣ ಚೆನ್ನಾಗಿ ಬಂದರೆ ಮೇಷ್ಟ್ರು ಒಂದು ಬೆರಳು ಎತ್ತುತ್ತಿದ್ದರು. ಕೊನೆಯ ಸಾಲುಗಳನ್ನು ಮತ್ತೊಮ್ಮೆ ಹಾಡಿ ಎಂದರ್ಥ.

ಚಹಾ ವಿರಾಮಕ್ಕೆ ಮುಂಚೆ ಮೇಷ್ಟ್ರು, "ಈಗ ಯಾವ ಪುಸ್ತಕದಲ್ಲೂ ಇಲ್ಲದ ಒಂದು ಧಾಟಿ. ಸಾಹಿತ್ಯ ಮಾತ್ರ ನಿಮಗೆಲ್ಲ ಗೊತ್ತಿರುವ ಹಳೆಯದೇ. ಕಲ್ಲುಮನೆ" ಎಂದರು. ಮೈರ್ ಎದ್ದರು. ನಾನೂ ಎದ್ದೆ. ಮೈರ್ ತಮ್ಮ ತೆಳ್ಳನೆಯ, ನೆಟ್ಟಗಿನ ದನಿಯಲ್ಲಿ ಶುರು ಮಾಡಿದರು. ನಾನು ಗಾಂಧಾರ ಹಿಡಿದೆ. ಒಂದನೇ ಸಾಲು ದಾಟಿತು. ಎರಡನೆಯದೂ ದಾಟಿತು. ಮೂರನೇ ಸಾಲಿನಲ್ಲಿ ಮೈರ್ ಮೇಲೇರಿದರು. ಆಹಾ, ಎಂಥ ಏರು! ನನ್ನ ದನಿ ಅದರ ಹಿಂದೆ ಅರ್ಧ ಮೆಟ್ಟಿಲು ಹತ್ತಿಯೇಬಿಟ್ಟಿತ್ತು. ಕೂತಿದ್ದ ಗ್ವೆನ್ ಆಂಟಿಯ ಅಂಗೈ ನನ್ನ ಮುಂದೆ ಅಡ್ಡಲಾಗಿ ಚಾಚಿಕೊಂಡಿತು. ಮಿ. ನನ್ನ ಗಾಂಧಾರ. ಇಳಿದು ಅದರ ಮೇಲೆ ನಿಂತೆ. ಮೈರ್ ಮೇಲೆ ಹಾಡುತ್ತಲೇ ಇದ್ದರು, ನಾನು ಕೆಳಗೆ ಅಲ್ಲಾಡದೆ ನಿಂತೇ ಇದ್ದೆ. ಎಷ್ಟೋ ತಿಂಗಳು ನನಗೆ ಸಪ್ಪೆ ಎನಿಸಿದ್ದ ಆ ಸ್ವರ ಅವರ ಸ್ವರಕ್ಕೆ ತಾಗಿದಾಗ ಮೈ ಜುಮ್ಮೆಂದಿತು. ನನಗೆ ಅಳು ಬಂತು, ಆದರೆ ಹಾಡು ಬಿಡಲಿಲ್ಲ.

ಎರಡನೇ ಚರಣಕ್ಕೆ ಮೇಷ್ಟ್ರು ಎರಡೂ ಕೈ ಎತ್ತಿದರು. ಹೆಂಗಸರು ನಮ್ಮಿಬ್ಬರ ಸಾಲುಗಳನ್ನು ಹಂಚಿಕೊಂಡರು. ಗಂಡಸರ ಕಡೆಯಿಂದ ಬಾಸು ತಡವರಿಸುತ್ತಾ ಬಂತು, ಎರಡು ಕಡೆ ಎಡವಿತು, ಆಮೇಲೆ ನೆಲ ಸಿಕ್ಕಂತೆ ಗಟ್ಟಿಯಾಯಿತು. ಟೆನರು ಸಂದಿಯಲ್ಲಿ ತೂರಿಕೊಂಡು ತನ್ನ ಜಾಗ ಮಾಡಿಕೊಂಡಿತು. ಮೂರನೇ ಚರಣದ ಹೊತ್ತಿಗೆ ಕಲ್ಲುಮನೆಗೆ ನಾಲ್ಕೂ ಗೋಡೆ ಎದ್ದಿತ್ತು. ಮೇಷ್ಟ್ರು ಬೆರಳು ಎತ್ತಿದರು. ಮತ್ತೆ ಎತ್ತಿದರು. ಮತ್ತೂ ಎತ್ತಿದರು. ಸೊಪ್ರಾನೊ ಸಾಲಿನಲ್ಲಿ ಲತಾ ಪುಸ್ತಕವನ್ನು ತಲೆಕೆಳಗಾಗಿ ಹಿಡಿದು ಬಾಯಿ ತುಂಬಾ ಹಾಡುತ್ತಿದ್ದಳು.

ಮುಗಿದ ಮೇಲೆ ಗ್ವೆನ್ ಆಂಟಿ ನನ್ನ ಕೈ ಬಿಡಲಿಲ್ಲ. ಹಾಡಲಾಗದೆ ನೊಂದಿದ್ದಾರೆ ಎಂದುಕೊಂಡು ಬಗ್ಗಿದೆ. ಮುಖ ನೋಡಿದರೆ ಹಾಗಿರಲಿಲ್ಲ. "ಸುಧಾ," ಎಂದು ಪಿಸುಗುಟ್ಟಿದರು, "ಅಪ್ಪನ ಹಾಡು ಹೀಗಿದೆ ಅಂತ ನನಗೆ ಗೊತ್ತೇ ಇರಲಿಲ್ಲ. ಯಾವಾಗಲೂ ಒಳಗೇ ಇದ್ದೆನಲ್ಲ. ಹೊರಗೆ ಕೂತು ಕೇಳಿದ್ದು ಇವತ್ತೇ."

ಮಂಗಳವಾರ ಬೆಳಿಗ್ಗೆ ನಮ್ಮನ್ನು ಬೀಳ್ಕೊಡಲು ಮೈರ್ ಸ್ಟೇಷನ್ನಿಗೆ ಬಂದರು. ದಾರಿಗೆಂದು ಒಣಹಣ್ಣಿನ ಬ್ರೆಡ್ಡು ಕಟ್ಟಿಕೊಟ್ಟು, ತಂಗಿಯ ಮಫ್ಲರನ್ನು ಬಿಗಿ ಮಾಡಿ, ವೆಲ್ಷ್ ಭಾಷೆಯಲ್ಲಿ ಏನೋ ಗದರಿದರು. ಮಾತಾಡಬೇಡ ಎಂದಿರಬೇಕು. ಆ ಹನ್ನೊಂದು ಗಂಟೆ ಗ್ವೆನ್ ಆಂಟಿ ನಿಜಕ್ಕೂ ಮಾತಾಡಲಿಲ್ಲ. ಬೋಗಿ ತೀರಾ ಬಿಕೋ ಎನ್ನುತ್ತಿತ್ತು.

ಮುಂದಿನ ಶನಿವಾರ ಪ್ರಸನ್ನ ಕಾಫಿ ಲೋಟ ಹಿಡಿದು ಬಾಲ್ಕನಿಯಲ್ಲಿ ಕೂತಿದ್ದ. ನಾನು ಹಿತ್ತಲಿನಲ್ಲಿ ಬಟ್ಟೆ ಒಣಹಾಕುತ್ತಿದ್ದೆ. "ಎಲ್ಲಿ, ಆ ಫೇಮಸ್ ಹಾಡು ಹಾಡು ನೋಡೋಣ" ಎಂದ. ಹಾಡಿದೆ.

"ಇಷ್ಟೇನಾ?" ಎಂದ. "ಇದಕ್ಕಾ ಮೆಲ್ಬರ್ನ್ ತನಕ ಹೋಗಿದ್ದು?"

ನಾನು ಉತ್ತರ ಕೊಡುವ ಮೊದಲೇ ಒದ್ದೆ ಬೆಡ್‌ಶೀಟಿನ ಆಚೆಯಿಂದ ಗ್ವೆನ್ ಆಂಟಿಯ ದನಿ ಕೇಳಿಸಿತು. ಇನ್ನೂ ಸ್ವಲ್ಪ ಒಡಕಿತ್ತು. ಹಾಡನ್ನು ಮೊದಲಿನಿಂದ ಎತ್ತಿಕೊಂಡಿದ್ದರು, ಆದರೆ ತಮ್ಮ ಸಾಲನ್ನಲ್ಲ. ಹುಟ್ಟಿದಾಗಿನಿಂದ ಆಲ್ಟೊ ಆಗಿದ್ದವರು ಪರ್ತ್‌ಗೆ ಹೋದ ಅಕ್ಕನ ಸಾಲನ್ನು ಹಾಡುತ್ತಿದ್ದರು. ಮೂರನೇ ಸಾಲಿನ ಏರಿನಲ್ಲಿ ದನಿ ಬಿರಿಯಿತು, ಆದರೂ ನಿಲ್ಲಿಸಲಿಲ್ಲ. ತಮ್ಮ ಸಾಲನ್ನು ನನಗೆ ಬಿಟ್ಟುಕೊಟ್ಟಿದ್ದರು. ನಾನು ಕ್ಲಿಪ್ಪುಗಳನ್ನು ಬುಟ್ಟಿಗೆ ಹಾಕಿ ಗಾಂಧಾರ ಹಿಡಿದು ನಿಂತೆ.

ಮುಗಿದಾಗ ಮೇಲೆ ನೋಡಿದೆ. ಪ್ರಸನ್ನನ ಲೋಟದಲ್ಲಿ ಕಾಫಿ ಹಾಗೇ ಇತ್ತು. ಅವನು ಕಟಕಟೆಯಿಂದ ಬಗ್ಗಿ ಒಂದು ಬೆರಳು ಎತ್ತಿದ. ಅದರ ಅರ್ಥ ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. "ಇನ್ನೊಂದ್ ಸಲ" ಎಂದ.